ನೆಟ್ ಯಾರೋ ಬಳಸಿದರು, ಹೆಸರು ನಮ್ಮದು

ಮುಂಬೈಯಲ್ಲಿ ಒಂದು ಕಾಲಕ್ಕೆ ವಿಸಿಟಿಂಗ್ ಕಾರ್ಡಿನ ಮೇಲೆ ಫೋನ್ ನಂಬರಿನ ಪಕ್ಕದಲ್ಲಿ "ಪಿ.ಪಿ." ಎಂದು ಅಚ್ಚು ಹಾಕಿಸುತ್ತಿದ್ದರು. ಫೋನು ನಮ್ಮದಲ್ಲ, ನೆರೆಮನೆಯವರದು, ಕೇಳಿದರೆ ಕರೆದುಕೊಡುತ್ತಾರೆ ಎಂದು ಅರ್ಥ. ಪರೇಲ್, ಗಿರ್‌ಗಾಂವ್ ಚಾಳುಗಳಲ್ಲಿ ಎಷ್ಟೋ ಕಡೆ ಇಡೀ ಮಹಡಿಗೆ ಒಂದೇ ಫೋನು. ಡೊಂಬಿವಲಿ, ಕಲ್ಯಾಣದ ಹಳೆಯ ಬಿಲ್ಡಿಂಗುಗಳಲ್ಲೂ ಹಾಗೆಯೇ ಇತ್ತು. ಊರಿನಿಂದ ಟ್ರಂಕ್ ಕಾಲ್ ಬಂದರೆ ಆ ಮನೆಯ ಕಾಕು ಗ್ಯಾಲರಿಗೆ ಬಂದು, "ಶೆಟ್ಟಿ ಅಣ್ಣಾ, ಗಾವಾಹೂನ್ ಫೋನ್ ಆಲಾಯ್!" ಎಂದು ಕೂಗುತ್ತಿದ್ದರು. ಶೆಟ್ಟಿ ಅಣ್ಣ ಲುಂಗಿ ಸರಿಮಾಡಿಕೊಳ್ಳುತ್ತ ಓಡಬೇಕು. ಮಂಗಳೂರಿನ ಕಡೆಯ ಮದುವೆ ನಿಶ್ಚಿತಾರ್ಥ, ಬಿಜಾಪುರದ ಕಡೆಯ ಹೊಲದ ವ್ಯಾಜ್ಯ, ತೀರಿಕೊಂಡವರ ಸುದ್ದಿ, ಎಲ್ಲವೂ ಬಂದದ್ದು ಪರರ ಮನೆಯ ಆ ಕಪ್ಪು ಫೋನಿನಲ್ಲೇ. ಮಾತು ಮುಗಿಯುವ ತನಕ ಕಾಕು ಅಲ್ಲೇ ಕುಳಿತು ಮೇಥಿ ಬಿಡಿಸುತ್ತಿದ್ದರು. ಯಾರು ಬಂದರು, ಯಾರ ಜೊತೆ ಮಾತಾಡಿದರು, ದನಿ ಏರಿತೋ ಇಳಿಯಿತೋ, ಎಲ್ಲ ಅವರಿಗೆ ಗೊತ್ತು. ಕೊಡುವ ಕೈ ದೊಡ್ಡದಿತ್ತು, ಕಣ್ಣೂ ಎದುರಿಗೇ ಇತ್ತು.

ಈಗ ನವಿ ಮುಂಬೈಯ ನಮ್ಮ ಐರೋಲಿಯ ಯಾವುದೇ ಸೊಸೈಟಿಯ ಲಿಫ್ಟಿನ ಮುಂದೆ ನಿಂತು ಮೊಬೈಲಿನಲ್ಲಿ ವೈಫೈ ಪಟ್ಟಿ ತೆರೆದು ನೋಡಿ. ಮನೆತನದ ಹೆಸರು, ಪಕ್ಕದಲ್ಲೇ ಫ್ಲಾಟ್ ನಂಬರು. ಮಗನ ಹೆಸರು, ಗಣಪತಿಯ ಹೆಸರು, ಕಂಪನಿಯವರು ಹಾಕಿಕೊಟ್ಟ ಅಕ್ಷರ ಅಂಕೆಗಳ ಹೆಸರು. ಗೋಡೆಯಾಚೆಯ ಎಲ್ಲರ ಮನೆಗಳೂ ಆ ಸಣ್ಣ ಪರದೆಯ ಮೇಲೆ ಒಟ್ಟಿಗೇ ಬಂದು ನಿಲ್ಲುತ್ತವೆ. ನಡುವೆ ಅಲ್ಲೊಂದು ಇಲ್ಲೊಂದು ಹೆಸರಿನ ಪಕ್ಕದಲ್ಲಿ ಬೀಗದ ಗುರುತು ಇರುವುದಿಲ್ಲ. ನನಗೆ ಕಳವಳವಾಗುವುದು ಅಲ್ಲಿ. ಬೀಗದ ಗುರುತು ಇದ್ದೂ ಪಾಸ್‌ವರ್ಡು ಇಡೀ ಮಜಲಿಗೆ ಬಾಯಿಪಾಠವಾಗಿರುವ ಮನೆಗಳ ಬಗ್ಗೆಯೂ ಅಷ್ಟೇ ಕಳವಳ.

ನೆರೆಯವರಿಗೆ ನೆಟ್ ಕೊಡಬೇಡಿ ಎಂದು ಹೇಳುವವನು ನಾನಲ್ಲ. ಪಿ.ಪಿ. ನಂಬರಿನ ಉಪಕಾರದಲ್ಲಿ ಬೆಳೆದ ಊರು ಇದು. ಎದುರು ಮನೆಯ ಹುಡುಗಿ ಬಂದು "ಕಾಕಾ, ನಮ್ಮ ನೆಟ್ ಹೋಗಿದೆ, ನಾಳೆ ಪ್ರಾಜೆಕ್ಟ್ ಸಬ್‌ಮಿಟ್ ಮಾಡಬೇಕು" ಎಂದರೆ ಇಲ್ಲ ಎನ್ನುವುದು ಹೇಗೆ? ಆದರೆ ಫೋನು ಕೊಟ್ಟ ಕಾಕುವಿಗೂ ವೈಫೈ ಕೊಡುವ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಳಸುವವರು ನಮ್ಮ ಹಾಲಿನಲ್ಲಿ ಕುಳಿತಿರುವುದಿಲ್ಲ. ಅವರು ಏನು ಮಾಡುತ್ತಿದ್ದಾರೋ ನಮಗೆ ಕಾಣುವುದಿಲ್ಲ, ಆದರೆ ಮಾಡಿದ್ದೆಲ್ಲ ನಮ್ಮ ಹೆಸರಿನಲ್ಲೇ ಹೊರಗೆ ಹೋಗುತ್ತದೆ. ಈ ಕೊನೆಯ ಮಾತು ಬರೀ ಊಹೆಯಲ್ಲ. ಐರೋಲಿಯಲ್ಲಿ ವಾಶಿ ಗಾಡಿ ಹತ್ತಿದರೆ ರಬಾಳೆ, ಘಣ್ಸೋಲಿ, ಕೋಪರ್‌ಖೈರಣೆ, ತುರ್ಭೆ ದಾಟಿ ಐದನೆಯ ಸ್ಟೇಷನ್ ಸಾನ್‌ಪಾಡಾ. ಈಗ ಹೇಳುವ ಘಟನೆ ನಡೆದದ್ದು ಅಲ್ಲಿ.

2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಬಾಂಬುಗಳು ಸಿಡಿದವು. ಮರುದಿನ ಸಂಜೆ ಅಹಮದಾಬಾದಿನಲ್ಲಿ ಒಂದರ ಹಿಂದೊಂದು 21 ಸ್ಫೋಟ. 56 ಜನ ಸತ್ತರು. ಗಾಯಾಳುಗಳನ್ನು ಹೊತ್ತು ತಂದ ಆಸ್ಪತ್ರೆಯನ್ನೂ ಬಿಡಲಿಲ್ಲ. ಮೊದಲ ಬಾಂಬು ಸಿಡಿಯುವ ಕೆಲವೇ ನಿಮಿಷ ಮುಂಚೆ ಸುದ್ದಿ ಚಾನೆಲ್ಲುಗಳಿಗೆ ಒಂದು ಇಮೇಲ್ ಬಂದಿತ್ತು, ಇಂಡಿಯನ್ ಮುಜಾಹಿದೀನ್ ಹೆಸರಿನಲ್ಲಿ. ಪೊಲೀಸರು ಅದರ ಐಪಿ ವಿಳಾಸ ಹಿಡಿದು ಹೊರಟರೆ ಆ ದಾರಿ ಬಂದು ನಿಂತದ್ದು ಸಾನ್‌ಪಾಡಾದ ಒಂದು ಫ್ಲಾಟಿನ ಬಾಗಿಲಿಗೆ. ಒಳಗಿದ್ದವರು ಕೆಲಸದ ಮೇಲೆ ಬಂದು ಸಂಸಾರ ಸಮೇತ ನೆಲೆಸಿದ್ದ ಒಬ್ಬ ಅಮೆರಿಕನ್.

ಮುಂದಿನದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಭಯೋತ್ಪಾದನಾ ನಿಗ್ರಹ ದಳದವರು ಆತನ ಕಂಪ್ಯೂಟರುಗಳನ್ನು ವಶಕ್ಕೆ ತೆಗೆದುಕೊಂಡರು, ದಿನಗಟ್ಟಲೆ ವಿಚಾರಣೆ ನಡೆಯಿತು, ಸುಳ್ಳುಪತ್ತೆ ಪರೀಕ್ಷೆಯೂ ಆಯಿತು. ಟಿವಿಯವರ ಕ್ಯಾಮೆರಾಗಳು ಕಟ್ಟಡದ ಕೆಳಗೆ ಠಿಕಾಣಿ ಹೂಡಿದವು. ಕೊನೆಗೆ ತಿಳಿದದ್ದು ಇಷ್ಟು: ಮನೆಯ ವೈಫೈಗೆ ಸರಿಯಾದ ರಕ್ಷಣೆ ಇರಲಿಲ್ಲ, ಬೇರೆ ಯಾರೋ ಅದರ ಮೂಲಕ ಇಮೇಲ್ ಕಳಿಸಿದ್ದರು. ಆತನ ಮೇಲೆ ಯಾವ ಆರೋಪವೂ ಬರಲಿಲ್ಲ. ಆದರೆ ಆ ವಾರಗಳನ್ನು ಆ ಸಂಸಾರಕ್ಕೆ ಯಾರು ಹಿಂದಿರುಗಿಸುತ್ತಾರೆ? ಆಗ ರಾಜ್ಯದ ಆ ದಳದ ಮುಖ್ಯಸ್ಥರಾಗಿದ್ದವರು ಹೇಮಂತ್ ಕರ್ಕರೆ. ಅದೇ ವರ್ಷ ನವೆಂಬರ್ 26ರ ರಾತ್ರಿ ಮುಂಬೈ ಮೇಲಿನ ದಾಳಿಯಲ್ಲಿ ಅವರು ಭಯೋತ್ಪಾದಕರ ಗುಂಡಿಗೆ ಬಲಿಯಾದರು. ಅಹಮದಾಬಾದ್ ಪ್ರಕರಣದ ತೀರ್ಪು ಬರಲು 2022ರ ಫೆಬ್ರವರಿಯೇ ಆಗಬೇಕಾಯಿತು. 49 ಮಂದಿ ದೋಷಿಗಳು, ಅವರಲ್ಲಿ 38 ಮಂದಿಗೆ ಮರಣದಂಡನೆ.

ಸಾನ್‌ಪಾಡಾಕ್ಕೇ ಅದು ನಿಲ್ಲಲಿಲ್ಲ. ಅದೇ ಸಂಘಟನೆಯ ಹೆಸರಿನಲ್ಲಿ ಆಗಸ್ಟ್ 23ರಂದು ಇನ್ನೊಂದು ಇಮೇಲ್ ಹೋದದ್ದು ಮಾಟುಂಗಾದ ಖಾಲ್ಸಾ ಕಾಲೇಜಿನ ಜಾಲದಿಂದ. ಸೆಪ್ಟೆಂಬರ್ 13ರಂದು ದೆಹಲಿಯ ಸ್ಫೋಟಗಳ ಹೊತ್ತಿಗೆ ಬಂದದ್ದು ಚೆಂಬೂರಿನ ಒಂದು ಖಾಸಗಿ ಕಂಪನಿಯ ಜಾಲದಿಂದ. ಮಾಟುಂಗಾ, ಚೆಂಬೂರು! ಮುಂಬೈ ಕನ್ನಡಿಗರಿಗೆ ಈ ಎರಡು ಹೆಸರು ಎಷ್ಟು ಹತ್ತಿರದವು ಎಂದು ನಾನು ಹೇಳಬೇಕಾಗಿಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಸಭಾಂಗಣ ಇರುವುದು ಮಾಟುಂಗಾದಲ್ಲಿ. ಬಾಳೆಲೆಯ ಊಟಕ್ಕೆ ಕ್ಯೂ ನಿಲ್ಲುವ ರಾಮ ನಾಯಕರ ಉಡುಪಿ ಬೋರ್ಡಿಂಗೂ ಅಲ್ಲಿಯೇ. ನಾವು ನಾಟಕ ನೋಡಿ, ಕಾಫಿ ಕುಡಿದು, ಕಾಕಡ ಮಲ್ಲಿಗೆ ಕೊಂಡು ಬರುವ ಬೀದಿಗಳ ಮಗ್ಗುಲಲ್ಲೇ ಯಾರೋ ಲ್ಯಾಪ್‌ಟಾಪ್ ಹಿಡಿದು ರಕ್ಷಣೆಯಿಲ್ಲದ ವೈಫೈ ಹುಡುಕುತ್ತಿದ್ದರು.

2009ರ ಜನವರಿಯಲ್ಲಿ ಮುಂಬೈ ಪೊಲೀಸರೇ ಲ್ಯಾಪ್‌ಟಾಪ್ ಹಿಡಿದು ಬೀದಿಗಿಳಿದರು. ಪಾಸ್‌ವರ್ಡ್ ಇಲ್ಲದ ವೈಫೈ ಕಂಡರೆ ದಂಡ ಪ್ರಕ್ರಿಯಾ ಸಂಹಿತೆಯ 149ನೇ ಕಲಮಿನಡಿ ಮಾಲೀಕರಿಗೆ ನೋಟಿಸ್. ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಆದೇಶ ಕಳಿಸಿ, ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಾಗಬೇಕು ಎಂದಿತು. ಇಂದು ವಿಮಾನ ನಿಲ್ದಾಣದಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ವೈಫೈ ಬೇಕೆಂದರೆ ಮೊಬೈಲ್ ನಂಬರು ಕೊಟ್ಟು ಒಟಿಪಿಗೆ ಕಾಯುತ್ತೇವಲ್ಲ, ಆ ಪದ್ಧತಿಯ ಹಿಂದೆ ಈ ಬೇಸರದ ಕಥೆ ಇದೆ.

ಪೊಲೀಸರು ನೇರ ಸಾನ್‌ಪಾಡಾದ ಆ ಮನೆಗೇ ಏಕೆ ಹೋದರು? ಮನೆಯಲ್ಲಿ ನಾಲ್ಕು ಮೊಬೈಲು, ಎರಡು ಲ್ಯಾಪ್‌ಟಾಪು, ಒಂದು ಟಿವಿ ಇದ್ದರೂ ಹೊರಗಿನ ಲೋಕಕ್ಕೆ ಕಾಣುವುದು ರೌಟರಿನ ಒಂದೇ ವಿಳಾಸ. ಒಳಗಿನ ಯಾವ ಸಾಧನದಿಂದ ಏನು ಹೋದರೂ ರೌಟರು ತನ್ನ ವಿಳಾಸ ಹಚ್ಚಿ ಕಳಿಸುತ್ತದೆ. ಈಗ ಎಷ್ಟೋ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ, ಆದರೂ ಯಾವ ಕ್ಷಣದಲ್ಲಿ ಯಾವ ಗ್ರಾಹಕರ ಸಂಪರ್ಕ ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ. ಆ ದಾಖಲೆಯಲ್ಲಿ ಇರುವುದು ಬಿಲ್ಲು ಕಟ್ಟುವವರ ಹೆಸರು. ಕೆಳಗೆ ಪಾರ್ಕಿಂಗಿನಲ್ಲಿ ಬೈಕಿನ ಮೇಲೆ ಕುಳಿತು ನಮ್ಮ ಸಿಗ್ನಲ್ ಬಳಸಿದವನ ಹೆಸರು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಸಿಗ್ನಲ್ ಪಾರ್ಕಿಂಗಿನ ತನಕ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. 1890ರ ದಶಕದಲ್ಲಿ ಕಲ್ಕತ್ತದ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆ ದಾಟಿಸಿ, ಆಚೆ ಇದ್ದ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು. ವೈಫೈಯದೂ ಅದೇ ಜಾತಿಯ ಅಲೆ. 2.4 ಗಿಗಾಹರ್ಟ್ಸ್‌ನದು ಗೋಡೆಗಳನ್ನು ಸಲೀಸಾಗಿ ದಾಟುತ್ತದೆ, 5 ಗಿಗಾಹರ್ಟ್ಸ್‌ನದು ಬೇಗ ದಣಿಯುತ್ತದೆ. ಐರೋಲಿಯ ಸೊಸೈಟಿಗಳಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಇರುವುದು ಒಂದೇ ಗೋಡೆ. ರೌಟರನ್ನು ಬೀದಿ ಬದಿಯ ಕಿಟಕಿಯಲ್ಲಿ ಇಡದೆ ಮನೆಯ ನಡುವೆ ಇಟ್ಟರೆ ಒಳಗೂ ಸಿಗ್ನಲ್ ಚೆನ್ನಾಗಿ ಸಿಗುತ್ತದೆ, ಹೊರಗೆ ಹೋಗುವುದೂ ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಅಲೆಯನ್ನು ತಡೆಯುವ ಯೋಚನೆ ಬಿಟ್ಟು, ಅದರೊಳಗಿನ ಮಾತನ್ನು ಬೇರೆಯವರಿಗೆ ಅರ್ಥವಾಗದಂತೆ ಮಾಡಬೇಕು.

ಅದಕ್ಕೆ ಬಂದ ಮೊದಲ ವಿಧಾನ ಡಬ್ಲ್ಯೂಇಪಿ. 2001ರಲ್ಲೇ ಗೂಢಲಿಪಿ ತಜ್ಞರು ಅದರ ಬುಡದ ದೋಷ ಎತ್ತಿ ತೋರಿಸಿದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಒಂದು ನಿಮಿಷದೊಳಗೆ ಅದನ್ನು ಮುರಿದರು. ಆಮೇಲೆ ಡಬ್ಲ್ಯೂಪಿಎ, 2004ರಲ್ಲಿ ಡಬ್ಲ್ಯೂಪಿಎ2, 2018ರಲ್ಲಿ ಡಬ್ಲ್ಯೂಪಿಎ3. ರೌಟರಿನ ಸೆಟ್ಟಿಂಗಿನಲ್ಲಿ 3 ಇದ್ದರೆ ಅದನ್ನು ಹಾಕಿಕೊಳ್ಳಿ, ಇಲ್ಲದಿದ್ದರೆ 2, ಎಇಎಸ್ ಎಂಬ ಆಯ್ಕೆಯ ಜೊತೆಗೆ. ಬರೀ ಡಬ್ಲ್ಯೂಇಪಿ ಮಾತ್ರ ಬರುವ ಹಳೆಯ ಡಬ್ಬಿ ಇನ್ನೂ ಮನೆಯಲ್ಲಿದ್ದರೆ ಭಂಗಾರ್‌ವಾಲಾನಿಗೆ ಕೊಡುವುದೇ ಸರಿ, ಅದೂ ರೀಸೆಟ್ ಮಾಡಿ, ಒಳಗಿನ ಪಾಸ್‌ವರ್ಡುಗಳನ್ನು ಅಳಿಸಿದ ಮೇಲೆ.

ವಿಧಾನ ಎಷ್ಟು ಗಟ್ಟಿಯಾದರೂ ಪಾಸ್‌ವರ್ಡು ಪೊಳ್ಳಾದರೆ ಏನೂ ಉಪಯೋಗವಿಲ್ಲ. ನಮ್ಮ ಕಡೆ ಕನೆಕ್ಷನ್ ಹಾಕಲು ಬರುವ ಹುಡುಗ ಗಡಿಬಿಡಿಯಲ್ಲಿರುತ್ತಾನೆ, ಇನ್ನೂ ನಾಲ್ಕು ಮನೆ ಬಾಕಿ. "ಅಂಕಲ್, ಪಾಸ್‌ವರ್ಡ್ ಏನಿಡಲಿ? ನಿಮ್ಮ ಮೊಬೈಲ್ ನಂಬರೇ ಇಡ್ತೇನೆ, ಮರೆಯೋದಿಲ್ಲ" ಎನ್ನುತ್ತಾನೆ. ನಾವು ಆಯಿತಪ್ಪ ಎನ್ನುತ್ತೇವೆ. ಈ ಒಂದು ಆಯಿತಪ್ಪದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 2021ರಲ್ಲಿ ಇಸ್ರೇಲಿನ ಭದ್ರತಾ ಸಂಶೋಧಕರೊಬ್ಬರು ಟೆಲ್ ಅವೀವ್ ಬೀದಿಗಳಲ್ಲಿ ಓಡಾಡಿ 5,000 ವೈಫೈ ಜಾಲಗಳ ಗೂಢ ಗುರುತುಗಳನ್ನು ಸಂಗ್ರಹಿಸಿ, ಮನೆಗೆ ಬಂದು ಮುರಿಯಲು ಕುಳಿತರು. ಸುಮಾರು ಶೇಕಡಾ 70ರಷ್ಟು ಮುರಿದವು. ಎಷ್ಟೋ ಮನೆಗಳ ಪಾಸ್‌ವರ್ಡು ಅವರವರ ಮೊಬೈಲ್ ನಂಬರೇ ಆಗಿತ್ತು.

ನಮ್ಮ ದೇಶದ ಲೆಕ್ಕ ಹಾಕೋಣ. ನಮ್ಮ ಮೊಬೈಲ್ ನಂಬರು ಹತ್ತು ಅಂಕೆಯದು, ಶುರುವಾಗುವುದು 6, 7, 8 ಅಥವಾ 9ರಿಂದ. ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಕೇಳಲು ದೊಡ್ಡದು. ಆದರೆ ಹುಡುಗರು ಆಟವಾಡಲು ಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಹತ್ತು ಲಕ್ಷ ಪಾಸ್‌ವರ್ಡುಗಳನ್ನು ಪರೀಕ್ಷಿಸಬಲ್ಲದು. 4,000 ಸೆಕೆಂಡಿನಲ್ಲಿ, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ, ಇಡೀ ಭಾರತದ ಎಲ್ಲ ಮೊಬೈಲ್ ನಂಬರುಗಳೂ ಮುಗಿದುಹೋಗುತ್ತವೆ. ಹುಟ್ಟಿದ ತಾರೀಕು, ಕಾರಿನ ನಂಬರು, ಫ್ಲಾಟ್ ನಂಬರಿನ ಮುಂದೆ ಮನೆತನದ ಹೆಸರು, ಇವಕ್ಕೆ ಅಷ್ಟು ಹೊತ್ತೂ ಬೇಡ.

ಇದಕ್ಕೆ ನನಗೆ ಬಹಳ ಮೆಚ್ಚಿನ ಉಪಾಯ ಒಂದಿದೆ, ಕನ್ನಡದವರಿಗೆ ಹೇಳಿ ಮಾಡಿಸಿದ್ದು. ಮನೆಯಲ್ಲಿರುವ ಕನ್ನಡ ನಿಘಂಟು ತೆಗೆದುಕೊಳ್ಳಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ಕೋಶದಲ್ಲಿ ಸುಮಾರು 70,000 ಪದಗಳಿವೆ. ಕಣ್ಣು ಮುಚ್ಚಿ ಒಂದು ಪುಟ ತೆರೆದು ಬೆರಳಿಡಿ. ಹೀಗೆ ನಾಲ್ಕು ಸಲ. ಬಂದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಬರೆದರೆ ಅದೇ ಪಾಸ್‌ವರ್ಡು. ವೈಫೈ ಪಾಸ್‌ವರ್ಡು 63 ಅಕ್ಷರಗಳವರೆಗೂ ಇರಬಹುದು. ಯಾರಾದರೂ ಅದೇ ನಿಘಂಟು ಎದುರಿಗಿಟ್ಟುಕೊಂಡು, ಅದೇ ಗ್ರಾಫಿಕ್ಸ್ ಕಾರ್ಡಿನಿಂದ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸ ಹೊರಟರೆ ಏಳು ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಪದಗಳನ್ನು ನೀವಾಗಿ ಆರಿಸಬೇಡಿ, ಬೆರಳು ಆರಿಸಲಿ. ನಾವೇ ಆರಿಸಿದರೆ ಊರಿನ ಹೆಸರು, ದೇವರ ಹೆಸರು, ಹಾಡಿನ ಮೊದಲ ಸಾಲು ಬಂದುಬಿಡುತ್ತವೆ. ಅವು ಊಹಿಸುವವರ ಪಟ್ಟಿಯಲ್ಲೂ ಮೊದಲೇ ಇರುತ್ತವೆ. ನಾಲ್ಕು ಪದಗಳನ್ನು ಚೀಟಿಯಲ್ಲಿ ಬರೆದು ಕಪಾಟಿನೊಳಗೆ ಇಡುವುದರಲ್ಲಿ ತಪ್ಪಿಲ್ಲ. ಹಾಲಿನ ಗೋಡೆಗೆ ಅಂಟಿಸಬೇಡಿ.

ಇನ್ನೊಂದು ಬಾಗಿಲು ಡಬ್ಲ್ಯೂಪಿಎಸ್. ರೌಟರಿನ ಬೆನ್ನಿನ ಮೇಲೆ ಎಂಟು ಅಂಕೆಯ ಪಿನ್ ಇರುತ್ತದೆ, ಪಾಸ್‌ವರ್ಡ್ ಇಲ್ಲದೆ ಸೇರಿಕೊಳ್ಳಲು ಮಾಡಿದ ಸೌಕರ್ಯ. ಕೊನೆಯ ಅಂಕೆ ತಾಳೆ ನೋಡಲು ಇರುವುದು, ಉಳಿದ ಏಳಕ್ಕೆ ಒಂದು ಕೋಟಿ ಸಾಧ್ಯತೆ ಇರಬೇಕಿತ್ತು. ಆದರೆ ರೌಟರು ಮೊದಲ ನಾಲ್ಕು ಅಂಕೆ ಸರಿಯೋ ತಪ್ಪೋ ಎಂದು ಬೇರೆಯಾಗಿ ಹೇಳಿಬಿಡುತ್ತದೆ ಎಂದು 2011ರಲ್ಲಿ ಸ್ಟೆಫಾನ್ ಫೀಬೋಕ್ ಎಂಬವರು ತೋರಿಸಿದರು. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನದಲ್ಲಿ ಕೆಲಸ ಮುಗಿಯುತ್ತದೆ. ಸೆಟ್ಟಿಂಗಿಗೆ ಹೋಗಿ ಅದನ್ನು ಬಂದ್ ಮಾಡಿ. ವೈಫೈ ಹೆಸರನ್ನು ಅಡಗಿಸುವುದು, ಸಾಧನಗಳ ಪಟ್ಟಿ ಮಾಡಿ ಅವಕ್ಕೆ ಮಾತ್ರ ಪ್ರವೇಶ ಕೊಡುವುದು, ಇವೆರಡನ್ನೂ ಬಹಳ ಜನ ನಂಬುತ್ತಾರೆ. ಗೊತ್ತಿದ್ದವರಿಗೆ ಎರಡೂ ಅಡ್ಡಿಯೇ ಅಲ್ಲ.

ರೌಟರಿಗೆ ಎರಡು ಪಾಸ್‌ವರ್ಡು ಇರುತ್ತವೆ ಎಂಬುದನ್ನೇ ಎಷ್ಟೋ ಮನೆಗಳಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ವೈಫೈಯದು. ಇನ್ನೊಂದು ರೌಟರಿನ ಸೆಟ್ಟಿಂಗ್ ತೆರೆಯುವುದು. ಎರಡನೆಯದು ಕಾರ್ಖಾನೆಯಿಂದ ಬಂದಾಗಿನ ಹಾಗೆಯೇ "ಅಡ್ಮಿನ್" ಎಂದೇ ಉಳಿದಿರುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಥ ಸುಮಾರು 60 ಕಾರ್ಖಾನೆ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡು ಜಗತ್ತಿನ ಲಕ್ಷಾಂತರ ರೌಟರು, ಸಿಸಿಟಿವಿ ಡಬ್ಬಿಗಳೊಳಗೆ ಹೊಕ್ಕಿತು. ಅದೇ ವರ್ಷ ಅಕ್ಟೋಬರ್ 21ರಂದು ಆ ಡಬ್ಬಿಗಳ ದಂಡು ನುಗ್ಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಷ್ಟೋ ಕಡೆ ನಿಂತುಹೋದವು. ಹಾಗಾಗಿ ಆ ಎರಡನೆಯ ಪಾಸ್‌ವರ್ಡನ್ನೂ ಬದಲಿಸಬೇಕು, ದೂರದಿಂದ ಸೆಟ್ಟಿಂಗ್ ತೆರೆಯುವ ಸೌಲಭ್ಯ ಬಂದ್ ಮಾಡಬೇಕು, ತಂತ್ರಾಂಶದ ಅಪ್‌ಡೇಟ್ ಬಂದಾಗ ಹಾಕಿಕೊಳ್ಳಬೇಕು.

ಐರೋಲಿಯ ದೊಡ್ಡ ಕಂಪನಿಗಳ ಚಿಂತೆ ನನಗಿಲ್ಲ. ಸ್ಟೇಷನ್ ಪಕ್ಕದ ಮೈಂಡ್‌ಸ್ಪೇಸಿನ ಗಾಜಿನ ಕಟ್ಟಡಗಳಲ್ಲಿ ಅದಕ್ಕೆಂದೇ ಸಂಬಳ ಪಡೆಯುವ ಜನ ಇದ್ದಾರೆ. ನನ್ನ ಚಿಂತೆ ಸೆಕ್ಟರುಗಳ ಒಳಗಿನ ಸಣ್ಣ ಆಫೀಸುಗಳದು. ಎರಡು ಮೇಜಿನ ಸಿಎ ಆಫೀಸು, ಕ್ಲಿನಿಕ್ಕು, ಟ್ಯೂಷನ್ ಕ್ಲಾಸು, ಟ್ರಾವೆಲ್ ಏಜೆಂಟು, ನಮ್ಮವರ ಹೋಟೆಲು. ಗಿರಾಕಿಗಳ ಪ್ಯಾನು, ಆಧಾರು, ರಕ್ತಪರೀಕ್ಷೆಯ ರಿಪೋರ್ಟು ಇರುವ ಕಂಪ್ಯೂಟರು, ಬಿಲ್ಲಿಂಗ್ ಮೆಷಿನ್ನು, ಸಿಸಿಟಿವಿ, ಬೆಂಚಿನ ಮೇಲೆ ಕಾಯುವವರ ಮೊಬೈಲು, ಎಲ್ಲವೂ ಒಂದೇ ವೈಫೈಯಲ್ಲಿ. ಇದರಿಂದ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ: ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸಮೂಹದ ಒಂದು ಮಳಿಗೆಯಲ್ಲಿ ಹಳೆಯ ಡಬ್ಲ್ಯೂಇಪಿ ವೈಫೈ ಇತ್ತು. ಕಳ್ಳರು ಆ ಮೂಲಕ ಒಳಹೊಕ್ಕು ಕಂಪನಿಯ ಮುಖ್ಯ ಕಂಪ್ಯೂಟರಿನ ತನಕ ಹೋದರು. 2007ರಲ್ಲಿ ಕಂಪನಿಯೇ ಒಪ್ಪಿಕೊಂಡ ಪ್ರಕಾರ 4.5 ಕೋಟಿಗೂ ಹೆಚ್ಚು ಕಾರ್ಡುಗಳ ವಿವರ ಕಳುವಾಗಿತ್ತು. ಒಂದು ಮಳಿಗೆಯ ಅಸಡ್ಡೆಗೆ ಇಡೀ ಸಮೂಹ ಬೆಲೆ ತೆತ್ತಿತು.

ಆದ್ದರಿಂದ ಹೋಟೆಲಿನ ಅಣ್ಣಂದಿರಿಗೆ, ಆಫೀಸಿನ ತಾಯಂದಿರಿಗೆ ನನ್ನ ವಿನಂತಿ ಒಂದೇ: ಗೆಸ್ಟ್ ನೆಟ್‌ವರ್ಕ್ ತೆರೆಯಿರಿ. ಈಗಿನ ಬಹುತೇಕ ರೌಟರುಗಳಲ್ಲಿ ಅದು ಬಂದೇ ಬರುತ್ತದೆ, ಖರ್ಚಿಲ್ಲ. ಅತಿಥಿಗಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಮ್ಮ ಕಂಪ್ಯೂಟರು, ಪ್ರಿಂಟರು ಕಾಣುವುದಿಲ್ಲ. ಮನೆಯಲ್ಲೂ ಅಷ್ಟೇ. ಎದುರು ಮನೆಯ ಹುಡುಗಿಗೆ ಕೊಡಬೇಕಾದದ್ದು ಇದನ್ನೇ, ಕೆಲಸ ಮುಗಿದ ಮೇಲೆ ಪಾಸ್‌ವರ್ಡು ಬದಲಿಸಿದರೆ ಆಯಿತು. ಕಂಪನಿಯ ಕೆಲಸ ಮನೆಯಿಂದ ಮಾಡುವವರು ಮಕ್ಕಳ ಆಟದ ಸಾಧನಗಳನ್ನೂ, ಟಿವಿಯನ್ನೂ ಅದಕ್ಕೇ ಹಾಕಿ. ಆದರೆ ಗೆಸ್ಟ್ ಮೂಲಕ ಹೋದದ್ದೂ ಹೊರಗೆ ಹೋಗುವುದು ನಿಮ್ಮ ಹೆಸರಿನಲ್ಲೇ. ಆದ್ದರಿಂದ ಮುಖ ಕಂಡವರಿಗೆ, ಹೆಸರು ಗೊತ್ತಿರುವವರಿಗೆ ಮಾತ್ರ ಕೊಡಿ. ಆಫೀಸಿನಲ್ಲಿ ಯಾರಾದರೂ ಕೆಲಸ ಬಿಟ್ಟುಹೋದರೆ ಅದೇ ದಿನ ಪಾಸ್‌ವರ್ಡು ಬದಲಾಗಬೇಕು. ಅವರ ಮೇಲೆ ಅನುಮಾನ ಇದೆಯೆಂದು ಅರ್ಥವಲ್ಲ, ನಾಳೆ ಏನಾದರೂ ನಡೆದರೆ ಅವರ ಮೇಲೂ ಅನುಮಾನ ಬರದಿರಲಿ ಎಂದು.

ಒಂದು ಮಾತು ಸೊಸೈಟಿಯ ಕಮಿಟಿಯವರಿಗೂ ಇದೆ. ನೀರಿನ ಟ್ಯಾಂಕು, ಲಿಫ್ಟಿನ ಎಎಂಸಿ, ಪಾರ್ಕಿಂಗ್ ಜಗಳ, ಇವಕ್ಕೆಲ್ಲ ಮೀಟಿಂಗ್ ಕರೆಯುತ್ತೀರಿ. ವರ್ಷಕ್ಕೊಂದು ಭಾನುವಾರ ಬಿಲ್ಡಿಂಗಿನ ಕಂಪ್ಯೂಟರ್ ಕಲಿತ ಮಕ್ಕಳನ್ನು ಕೂರಿಸಿ, ಒಬ್ಬೊಬ್ಬ ಹಿರಿಯರ ಮನೆಯ ರೌಟರನ್ನೂ ಸರಿಮಾಡಿಸಿ. ಐರೋಲಿಯಲ್ಲಿ ಅಂಥ ಮಕ್ಕಳು ಪ್ರತಿ ವಿಂಗಿನಲ್ಲೂ ಇದ್ದಾರೆ. ಮಕ್ಕಳು ವಿದೇಶದಲ್ಲಿದ್ದು ಇಬ್ಬರೇ ಇರುವ ಅಜ್ಜ ಅಜ್ಜಿಯ ಮನೆಗೆ ಮೊದಲು ಹೋಗಲಿ. ಪೊಲೀಸರು ಬಾಗಿಲು ತಟ್ಟಿದರೆ ಉತ್ತರ ಹೇಳಲು ಅವರಿಗೆ ಯಾರಿದ್ದಾರೆ? ಯಾರ ಖಾತೆಯಿಂದಾದರೂ ಹಣ ಹೋದರೆ ತಕ್ಷಣ ಕರೆ ಮಾಡಬೇಕಾದ 1930 ಎಂಬ ನಂಬರನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿ.

ಮತ್ತೆ, ಮೇ ರಜೆಗೋ ಚೌತಿಗೋ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಡುವವರೇ, ಗ್ಯಾಸ್ ಬಂದ್ ಮಾಡುವಾಗಲೇ ರೌಟರಿನ ಸ್ವಿಚ್ಚನ್ನೂ ಆರಿಸಿ ಹೋಗಿ.